ಮೂರನೆಯ ತಾರಸಿ

ಆಟದ ಯಂತ್ರವನ್ನು ಕೈಗಿತ್ತವನನ್ನು ಅವಳು ಚಾರ್ಜರ್ ನೋಡಿಕೊಳ್ಳುವವನೆಂದೇ ತಿಳಿದಳು. ಹಾಗೆ ತಿಳಿದದ್ದರಲ್ಲಿ ತಪ್ಪೇನೂ ಇಲ್ಲ. ಹೆಗಲಿಗೆ ಮೂರು ವೈರು ಇಳಿಬಿಟ್ಟುಕೊಂಡು, ಬಾಯಲ್ಲಿ ಒಂದು ಪ್ಲಗ್ಗು ಕಚ್ಚಿಕೊಂಡು ನಿಂತವನನ್ನು ಬೇರೇನೆಂದು ತಿಳಿಯಬೇಕು?

"ಇದು ಆನ್ ಆಗಿದ್ಯಾ?"

ಅವನು ಪ್ಲಗ್ಗನ್ನು ಬಾಯಿಂದ ತೆಗೆದ. "ಆಗಿದೆ. ಅಜ್ಜಿ ಕಾಯ್ತಾ ಇದ್ದಾರೆ."

ಹೊಸ ವಿಡಿಯೋ ಗೇಮ್‌ಗಳ ಮೇಳವದು. ಸಾಲು ಸಾಲು ಸ್ಟಾಲು, ಕಿವಿ ತೂತಾಗುವಷ್ಟು ಗದ್ದಲ. ಅವಳದು 'ಮೊದಲ ನೋಟ' ಎಂಬ ಅಂಕಣ. ಡೆಮೊವನ್ನು ಒಂದೇ ಸಲ ಆಡುವುದು, ಅನಿಸಿದ್ದನ್ನು ಬರೆಯುವುದು, ಬರೆದ ಮೇಲೆ ಒಂದಕ್ಷರವನ್ನೂ ಬದಲಿಸದಿರುವುದು. ಏಳು ವರ್ಷದಿಂದ ಇದೇ ನೇಮ. ಗೇಮ್ ಮಾಡುವವರು ಬೆನ್ನ ಹಿಂದೆ ಅವಳನ್ನು 'ಕತ್ತರಿ' ಎನ್ನುತ್ತಿದ್ದರು. ಅದು ಅವಳಿಗೆ ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು.

ಅಂಗೈಯಗಲದ ಪರದೆಯ ಮೇಲೆ ಗುಂಡು ಗುಂಡಗಿನ ಒಬ್ಬ ಅಜ್ಜಿ, ಹೆಗಲ ಮೇಲೆ ಶಾಲು. ತಾರಸಿಯಲ್ಲಿ ಒಣಹಾಕಿದ ಬಟ್ಟೆಯನ್ನೆಲ್ಲ ಗಾಳಿ ಹೊತ್ತೊಯ್ದಿದೆ. ಅಜ್ಜಿ ತಾರಸಿಯಿಂದ ತಾರಸಿಗೆ ಜಿಗಿದು ಅವನ್ನು ಕೂಡಿಸಿ ತರಬೇಕು. ಎಡ ಹೆಬ್ಬೆರಳು ಓಡಲು, ಬಲ ಹೆಬ್ಬೆರಳು ಹಾರಲು.

ಮೊದಲ ಜಿಗಿತಕ್ಕೇ ಅಜ್ಜಿ ಬಕೆಟ್ಟಿನ ಮೇಲೆ ಜಾರಿ ಬಿದ್ದಳು. ಎದ್ದು ಕನ್ನಡಕ ಸರಿಮಾಡಿಕೊಂಡು, ಯಾರಾದರೂ ನೋಡಿದರೇನೋ ಎಂದು ಅತ್ತಿತ್ತ ಕಣ್ಣಾಡಿಸಿದಳು. ಕತ್ತರಿ ಗಟ್ಟಿಯಾಗಿ ನಕ್ಕುಬಿಟ್ಟಳು.

ಅವನು ಪಕ್ಕಕ್ಕೆ ಬಾಗಿದ. ಯಂತ್ರದ ಅಂಚಿನಲ್ಲಿ ಅವನ ಬೆರಳು ಏನನ್ನೋ ಒತ್ತಿತು. ಅವಳು ಅದನ್ನು ಗಮನಿಸಲಿಲ್ಲ. ಆ ಬೆರಳಿಗೆ ನೀಲಿ ಶಾಯಿ ಮೆತ್ತಿದ್ದನ್ನು ಮಾತ್ರ ಗಮನಿಸಿದಳು. ತಲೆಯೆತ್ತಿದರೆ ಅವನ ಕಣ್ಣು ಅವಳ ಮೇಲಿತ್ತು. ಸಿಕ್ಕಿಬಿದ್ದವನು ಅವಸರದಿಂದ ವೈರು ಸುತ್ತತೊಡಗಿದ.

ಮೂರನೆಯ ತಾರಸಿಗೆ ಬಂದಾಗ ನಗು ನಿಂತಿತು. ಎರಡು ಕಟ್ಟಡಗಳ ನಡುವೆ ಒಂದು ಹಲಗೆ, ಗಾಳಿಗೆ ಹೊರಳುತ್ತಿದೆ. ಬೇಗ ಹಾರಿದರೂ ಬೀಳುತ್ತಾಳೆ, ತಡವಾಗಿ ಹಾರಿದರೂ ಬೀಳುತ್ತಾಳೆ. ಹನ್ನೊಂದು ಸಲ ಅಜ್ಜಿ ಕೆಳಗಿನ ನೀರಿನ ತೊಟ್ಟಿಗೆ ಬಿದ್ದಳು.

"ಯಾರ್ರೀ ಇದನ್ನ ಮಾಡಿದೋನು? ಜೀವಮಾನದಲ್ಲಿ ಒಂದ್ಸಲನಾದ್ರೂ ಹಾರಿದ್ದಾನಾ?"

"ಚಿಕ್ಕವನಿದ್ದಾಗ ಗೋಡೆಯಿಂದ ಹಾರಿದ್ದ. ಕೈ ಮುರೀತು."

"ನಿಮಗೆ ಹೇಗೆ ಗೊತ್ತು?"

ಅವನು ತೋಳು ಮಡಚಿ ಸೊಟ್ಟಗಿದ್ದ ಮೊಣಕೈ ತೋರಿಸಿದ. "ಇದೇ ಕೈ."

ಅವಳು ನಾಲಿಗೆ ಕಚ್ಚಿಕೊಂಡಳು. ಸ್ಟಾಲಿನ ಒಳಗಿಂದ ಅವನ ಅಕ್ಕ ನಗುತ್ತಾ ಹೊರಬಂದಳು. ಇರುವುದು ಮೂರೇ ಜನ. ಅಕ್ಕ ಚಿತ್ರ ಬರೆಯುತ್ತಾಳೆ, ಭಾವ ಕೋಡ್ ಬರೆಯುತ್ತಾನೆ, ತಾರಸಿಗಳೆಲ್ಲ ಈ ತಮ್ಮನವು. ನಾಲ್ಕು ವರ್ಷದ ಕೆಲಸವನ್ನು ಜನರ ಕೈಗೆ ಕೊಡುತ್ತಿರುವುದು ಇದೇ ಮೊದಲು.

"ನೋಡಿ, ಮುಖಸ್ತುತಿ ನನಗೆ ಬರಲ್ಲ," ಎಂದಳು ಕತ್ತರಿ. "ಯಾವಾಗ ಹಾರಬೇಕು ಅಂತ ನಿಮ್ಮ ಆಟ ಹೇಳೋದೇ ಇಲ್ಲ."

ಅವನು ಏನೋ ಹೇಳಲು ಬಾಯಿ ತೆರೆದ. ಯಂತ್ರದ ಅಂಚನ್ನು ನೋಡಿದ. ಮುಖ ಕೆಂಪಾಯಿತು. "ನಿಮಗೆ ಅನ್ಸಿದ್ದನ್ನ ಬರೀರಿ," ಎಂದಷ್ಟೇ ಹೇಳಿದ.

ವಾದಕ್ಕೆ ನಿಲ್ಲುವವರನ್ನು ಅವಳು ಬೇಕಾದಷ್ಟು ಕಂಡಿದ್ದಳು. ಇವನು ವಾದಿಸಲಿಲ್ಲ. ಹೋಗುವಾಗ ಅವಳು ಎರಡು ಸಲ ಹಿಂತಿರುಗಿ ನೋಡಿದಳು, ಎರಡು ಸಲವೂ ಅವನು ನೋಡುತ್ತಲೇ ಇದ್ದ.

ಆದರೂ ಬರೆಯುವಾಗ ಅವಳು ದಾಕ್ಷಿಣ್ಯ ನೋಡಲಿಲ್ಲ. 'ಅಜ್ಜಿ ಬಂಗಾರ. ಆದರೆ ಮೂರನೆಯ ತಾರಸಿ ಶುದ್ಧ ಮೋಸ. ಅಲ್ಲಿ ಗೆಲ್ಲುವುದು ಜಾಣತನವಲ್ಲ, ಅದೃಷ್ಟ.' ಸಂಜೆಗೆ ಸಾವಿರಾರು ಜನ ಅದನ್ನು ಓದಿದರು.

ಮರುದಿನ ಬೆಳಿಗ್ಗೆ ಅವಳು ತಲೆ ಒರೆಸಿಕೊಳ್ಳುತ್ತಾ ಹೊರಬಂದರೆ, ಅಮ್ಮ ಊಟದ ಮೇಜಿನ ಮುಂದೆ ಮಗಳ ಆಟದ ಯಂತ್ರ ಹಿಡಿದು ಕೂತಿದ್ದರು. ವಿಮರ್ಶಕರಿಗೆಂದು ಕಳಿಸಿದ್ದ ಅದೇ ಡೆಮೊ ಅದರಲ್ಲಿತ್ತು.

"ಅಮ್ಮಾ, ಅದು ಆಗಲ್ಲ, ಬಿಡು."

"ಯಾಕಾಗಲ್ಲ? ನಾನಾಗಲೇ ನಾಲ್ಕನೇ ತಾರಸೀಲಿದ್ದೀನಿ."

ಹುಟ್ಟಿದಾಗಿನಿಂದ ಒಂದೂ ವಿಡಿಯೋ ಗೇಮ್ ಮುಟ್ಟದ ಅಮ್ಮ! "ಮೂರನೇದನ್ನ ಹೇಗೆ ದಾಟಿದೆ?"

"ಹಾರೋ ಮುಂಚೆ ಅಜ್ಜಿ ಉಸ್ ಅಂತ ಉಸಿರು ಎಳ್ಕೋತಾಳೆ ಕಣೇ. ಆಗ ಒತ್ತಿದ್ರಾಯ್ತು. ನಿನಗೆ ಕೇಳಿಸಲ್ವಾ?"

ಅವಳು ಯಂತ್ರಕ್ಕೆ ಕಿವಿಗೊಟ್ಟಳು. ಉಸ್. ಅಷ್ಟು ಸಣ್ಣ ಸದ್ದು, ಅಷ್ಟು ಸ್ಪಷ್ಟ. ನಿನ್ನೆ ಇದು ಕೇಳಿಸಿರಲೇ ಇಲ್ಲ. ಒಬ್ಬ ಪ್ರಾಮಾಣಿಕನ ನಾಲ್ಕು ವರ್ಷದ ಕೆಲಸವನ್ನು ಊರೆದುರು ಮೋಸವೆಂದು ಕರೆದುಬಿಟ್ಟಿದ್ದಳು. ಅವಳ ಮಾತು ನಂಬಿ ಜನ ಆ ಸ್ಟಾಲಿನತ್ತ ಸುಳಿಯುವುದೂ ಇಲ್ಲ.

ನಿಂತಲ್ಲೇ ಫೋನಿನಲ್ಲಿ ಬರೆದು ಅಂಕಣಕ್ಕೆ ಕಳಿಸಿದಳು. 'ನಿನ್ನೆಯ ಮಾತು ವಾಪಸ್. ಆಟ ಹೇಳಿತ್ತು. ಕೇಳಿಸಿಕೊಳ್ಳದವಳು ನಾನು.' ಏಳು ವರ್ಷದ ನೇಮ ಎರಡು ನಿಮಿಷದಲ್ಲಿ ಮುರಿಯಿತು.

"ಆ ಹುಡುಗನ್ನ ನೋಡೋಕೆ ಹೊರಟ್ಯಾ?" ಅಮ್ಮ ಪರದೆಯಿಂದ ಕಣ್ಣೆತ್ತದೆ ಕೇಳಿದರು.

"ಯಾವ ಹುಡುಗ?"

"ಮೊಣಕೈ ಕಥೆ ನಿನ್ನೆಯಿಂದ ಎರಡು ಸಲ ಹೇಳಿದ್ದೀಯ."

ಮೇಳದಲ್ಲಿ ಆ ಸ್ಟಾಲಿನ ಮುಂದೆ ನರಪಿಳ್ಳೆಯೂ ಇರಲಿಲ್ಲ. ಅಕ್ಕ ಗಂಟುಮುಖ ಹಾಕಿಕೊಂಡು ಕೂತಿದ್ದಳು. "ನಿನ್ನೆ ಮಧ್ಯಾಹ್ನ ಸಾಲು ನಿಂತಿತ್ತು. ಈಗ ನೊಣ ಹೊಡೀತಾ ಇದ್ದೀವಿ. ಇನ್ನೇನು ಉಳಿದಿದೆ ಅಂತ ಬಂದ್ರಿ?"

ಕತ್ತರಿ ಫೋನು ಮುಂದೆ ಹಿಡಿದಳು. ಅಕ್ಕ ಓದಿದಳು. ಇನ್ನೊಮ್ಮೆ ಓದಿದಳು. ಹುಬ್ಬಿನ ಗಂಟು ಸಡಿಲವಾಯಿತು.

"ಲೋ, ಬಾರೋ ಹೊರಗೆ! ಕತ್ತರಿ ಹೊಲಿಗೆ ಹಾಕೋಕೆ ಬಂದಿದೆ!"

ಸ್ಟಾಲಿನ ಹಿಂದಿನ ಬಟ್ಟೆಯ ಪರದೆ ಸರಿಸಿ ಅವನು ಬಂದ. ನಿದ್ದೆಗೆಟ್ಟ ಕಣ್ಣು, ಕೈಯಲ್ಲಿ ಯಂತ್ರ. ಫೋನು ಓದಿ ಅವನು ಹಿಗ್ಗಲಿಲ್ಲ.

"ಇದನ್ನ ತೆಗೀರಿ. ಇದು ನಿಜ ಅಲ್ಲ."

"ನಾನು ಬರೆದಿದ್ದು ನಿಜ ಅಲ್ವಾ?"

"ಕೇಳಿಸಿಕೊಳ್ಳದವಳು ಅಂದಿದ್ದೀರಿ. ಕೇಳಿಸೋಕೆ ಸೌಂಡ್ ಎಲ್ಲಿತ್ತು? ನಾನೇ ಕಮ್ಮಿ ಮಾಡಿದ್ದೆ."

"ಯಾಕೆ?"

ಅವನ ಕಿವಿ ಕೆಂಪೇರಿತು. ಅಕ್ಕನ ಕಡೆ ನೋಡಿದ. ಅಕ್ಕ ಜಾಗ ಬಿಟ್ಟು ಏಳುವ ಲಕ್ಷಣವೇ ಇರಲಿಲ್ಲ.

"ಬಕೆಟ್ ಹತ್ರ ನೀವು ನಕ್ರಿ. ಗಲಾಟೇಲಿ ಅರ್ಧ ಮಾತ್ರ ಕೇಳಿಸ್ತು. ಇನ್ನೊಂದ್ಸಲ ನಕ್ರೆ ಪೂರ್ತಿ ಕೇಳೋಣ ಅಂತ ಒತ್ತಿದೆ. ಆಮೇಲೆ ಜಾಸ್ತಿ ಮಾಡೋದು ಮರೆತೇಹೋಯ್ತು."

ಅಕ್ಕ ತಲೆ ಚಚ್ಚಿಕೊಂಡಳು. "ನಾಲ್ಕು ವರ್ಷ! ಒಂದು ನಗುವಿಗೆ ಹೋಯ್ತು!"

"ನಿನ್ನೆನೇ ಹೇಳಬಹುದಿತ್ತಲ್ಲ?" ಎಂದಳು ಕತ್ತರಿ. ದನಿ ಮಾತ್ರ ಗದರಿಕೆಯದಾಗಿರಲಿಲ್ಲ.

"ಹೇಳಿದ್ರೆ ಯಾಕೆ ಅಂತ ಕೇಳ್ತಿದ್ರಿ. ಅಲ್ಲದೆ, ನೀವು ಹೇಳಿದ್ದರಲ್ಲಿ ಅರ್ಧ ಸರಿ. ಇದು ಕೈಯಲ್ಲಿ ಹಿಡಿದು ಆಡೋ ಆಟ. ಬಸ್ಸಲ್ಲಿ, ಆಫೀಸಲ್ಲಿ ಸೌಂಡ್ ಇಟ್ಕೊಂಡು ಯಾರು ಆಡ್ತಾರೆ? ಅದು ನನಗೆ ಹೊಳೆದೇ ಇರಲಿಲ್ಲ. ಈಗ ನೋಡಿ."

ಪರದೆಯಲ್ಲಿ ಅಜ್ಜಿ ಉಸಿರೆಳೆದುಕೊಳ್ಳುವ ಹೊತ್ತಿಗೆ ಅವಳ ಶಾಲಿನ ತುದಿ ಒಂದಿಷ್ಟೇ ಮೇಲೆದ್ದಿತು. ಕಿವಿಗೆ ಕೇಳಿಸದವರಿಗೆ ಕಣ್ಣಿಗಾದರೂ ಕಾಣಲೆಂದು. ಕತ್ತರಿ ಶಾಲನ್ನು ನೋಡಿದಳು, ಶಾಯಿ ಮೆತ್ತಿದ ಬೆರಳನ್ನು ನೋಡಿದಳು. ಅವಳಿಗೆ ಅವನು ಇಷ್ಟವಾಗಿದ್ದ. ನಿನ್ನೆಯೇ ಇಷ್ಟವಾಗಿದ್ದ. ಬರೆಯದೆ ಬಿಟ್ಟಿದ್ದ ಮೊದಲ ನೋಟ ಇದೊಂದೇ.

"ನಿಮ್ಮ ಬಗ್ಗೆ ನನ್ನ ಮೊದಲ ನೋಟ ಏನು ಗೊತ್ತಾ? ಚಾರ್ಜರ್ ನೋಡ್ಕೊಳ್ಳೋನು."

"ಎರಡನೇದು?"

"ನೀವು ನನಗೆ ಇಷ್ಟ ಆಗಿದ್ದೀರಿ. ಮುಖಸ್ತುತಿ ನನಗೆ ಬರಲ್ಲ ಅಂತ ಹೇಳಿದ್ದೀನಿ."

ಅಕ್ಕನಿಗೆ ಆಗ ಒಳಗೆ ಏನೋ ಕೆಲಸ ನೆನಪಾಯಿತು.

ಅವನು ಯಂತ್ರದ ಎಡ ತುದಿಯನ್ನು ಅವಳತ್ತ ಚಾಚಿದ. "ಹಿಡ್ಕೊಳ್ಳಿ. ಓಡ್ಸೋದು ನೀವು, ಹಾರ್ಸೋದು ನಾನು."

ಒಂದೇ ಯಂತ್ರಕ್ಕೆ ಭುಜಕ್ಕೆ ಭುಜ ತಾಗಿಸಿ ನಿಂತರು. ಬಕೆಟ್ಟಿನ ಮೇಲೆ ಅಜ್ಜಿ ಜಾರಿದಳು. ಕತ್ತರಿ ನಕ್ಕಳು, ಅವನು ಪೂರ್ತಿ ಕೇಳಿಸಿಕೊಂಡ. ಆಚೆ ಇಬ್ಬರು ಹುಡುಗಿಯರು ಫೋನಿನಲ್ಲಿ ಏನೋ ಓದುತ್ತಾ ಇದೇ ಸ್ಟಾಲನ್ನು ಹುಡುಕಿಕೊಂಡು ಬರುತ್ತಿದ್ದರು. ಮೂರನೆಯ ತಾರಸಿ ಬಂತು. ಹಲಗೆ ಹೊರಳಿತು. ಶಾಲು ಇನ್ನೂ ಅಲುಗಿರಲೇ ಇಲ್ಲ, ಅವನ ಹೆಬ್ಬೆರಳು ಒತ್ತಿಬಿಟ್ಟಿತು. ಅಜ್ಜಿ ನೇರ ತೊಟ್ಟಿಗೆ.

"ಅಯ್ಯೋ! ನೀವೇ ಮಾಡಿದ ತಾರಸಿ! ಅಜ್ಜಿ ಇನ್ನೂ ಉಸಿರೇ ಎಳೆದಿರಲಿಲ್ಲ."

"ಉಸಿರು ಕೇಳಿಸ್ತು."

"ಅದು ನನ್ನದು."

"ಗೊತ್ತು," ಎಂದ ಅವನು.

ಅವಳು ಯಂತ್ರದ ಅಂಚಿಗೆ ಬೆರಳು ಒಯ್ದು ಸೌಂಡನ್ನು ಪೂರ್ತಿ ಇಳಿಸಿದಳು.