ಬ್ರೇಕ್ ಆಯಿಲ್ ಅಂದರೆ ಆಯಿಲ್ ಅಲ್ಲ

ಅಕ್ಕಿಹಿಟ್ಟು ಇನ್ನೂ ಬಿಸಿಯಾಗಿತ್ತು.

ಮಿಲ್ಲಿನಲ್ಲಿ ಆಗಷ್ಟೇ ಬೀಸಿಸಿದ್ದ ಐದು ಕೆ.ಜಿ. ಚೀಲ. ಬೈಕಿನ ಟ್ಯಾಂಕಿನ ಮೇಲೆ, ನನ್ನ ಮಂಡಿಗಳ ನಡುವೆ. ಬೆಳಗಿನ ಹತ್ತು ಗಂಟೆ. ಚೆಟ್ಟಳ್ಳಿಯ ಇಳಿಜಾರು.

ಹಿಂದೆ ತೀರ್ಥಪ್ರಸಾದನ ಜೀಪು!

ಅವನು ನಿಮಗೆ ಗೊತ್ತಿರಲಿಕ್ಕಿಲ್ಲ. ಕದ್ದ ಕರಿಮೆಣಸು ಕೊಳ್ಳುವವನು. ಎಸ್ಟೇಟುಗಳಲ್ಲಿ ಕಳುವಾದ ಮೆಣಸನ್ನು ಪತ್ತೆ ಮಾಡುವುದು ನನ್ನ ಕಸುಬು. ಹಿಂದಿನ ದಿನವಷ್ಟೇ ಅವನ ಗೋಡೌನಿನಲ್ಲಿ ಹನ್ನೊಂದು ಮೂಟೆ ಹಿಡಿಸಿದ್ದೆ.

"ಮೇಡಂ, ನಮ್ಮ ರೋಡಲ್ಲಿ ತಿರುವು ಜಾಸ್ತಿ. ನೋಡ್ಕೊಂಡು ಓಡಿಸಿ," ಎಂದಿದ್ದ. ನಗುನಗುತ್ತಲೇ.

ಜೀಪು ಹಾರ್ನ್ ಹೊಡೆಯಿತು. ಇನ್ನೂ ಹತ್ತಿರ ಬಂತು.

ಮೊದಲ ತಿರುವು. ಮುಂದಿನ ಬ್ರೇಕ್ ಒತ್ತಿದೆ. ಹಿಡಿಯಿತು. ಬೆರಳು ತೆಗೆದೆ...

ಬ್ರೇಕ್ ಬಿಡಲಿಲ್ಲ!

ಗಾಡಿ ಎಳೆಯತೊಡಗಿತು, ಯಾರೋ ಮುಂದಿನ ಚಕ್ರವನ್ನು ಕೈಯಲ್ಲಿ ಹಿಡಿದಿದ್ದಾರೆ ಎಂಬಂತೆ. ಎರಡನೇ ತಿರುವಿನಲ್ಲಿ ಚಕ್ರ ನಿಂತೇಹೋಯಿತು. ನಾನು ನಿಲ್ಲಲಿಲ್ಲ.

ರಸ್ತೆಯ ಮೇಲೆ ಜಾರಿದೆ. ಚೀಲ ಒಡೆಯಿತು. ಜೀಪು ನನ್ನ ತಲೆಯಿಂದ ಒಂದು ಮಾರು ದೂರದಲ್ಲಿ ಸರ್ರನೆ ಹಾದುಹೋಯಿತು. ಒಳಗೆ ಯಾರೋ ಕೇಕೆ ಹಾಕಿದರು.

ಎದ್ದೆ. ಮೊಣಕೈ ಚರ್ಮ ಕಿತ್ತುಹೋಗಿತ್ತು. ಬಾಯಿ ತುಂಬ ಹಿಟ್ಟು. ಬ್ರೇಕಿನ ಡಿಸ್ಕ್ ಮೇಲೆ ಉಗುಳಿದೆ. ಚುಂಯ್ ಎಂದಿತು.

ಸೀಟಿನ ಅಡಿಯಿಂದ ಸ್ಪ್ಯಾನರ್ ತೆಗೆದೆ. ಬ್ರೇಕಿನ ಗಾಳಿ ತೆಗೆಯುವ ಪುಟ್ಟ ನಟ್ ಸಡಿಲಿಸಿದೆ. ಬ್ರೇಕ್ ಆಯಿಲ್ ಪಿಚಕ್ಕೆಂದು ಹಾರಿತು. ಚಕ್ರ ಫ್ರೀ ಆಯಿತು! ಎಂದರೆ ಲಿವರ್ ಬಿಟ್ಟರೂ ಒತ್ತಡ ಒಳಗೇ ಉಳಿಯುತ್ತಿತ್ತು. ನಟ್ ಬಿಗಿ ಮಾಡಿ, ಹಿಂದಿನ ಬ್ರೇಕ್ ಒಂದನ್ನೇ ನಂಬಿಕೊಂಡು ಶಿವಪ್ರಕಾಶನ ಗ್ಯಾರೇಜಿಗೆ ಇಳಿದೆ.

ಅವನು ಹ್ಯಾಂಡಲ್ ಮೇಲಿನ ಪುಟ್ಟ ಡಬ್ಬಿಯ ಮುಚ್ಚಳ ಬಿಚ್ಚಿದ. ಮೂಗು ಮುರಿದ.

"ಥೂ... ವೀಣಕ್ಕ, ಯಾವ ಪುಣ್ಯಾತ್ಮ ಹಾಕಿದ್ದು ಇದನ್ನ?"

ಒಳಗೆ ಹಸಿರು ಜಿಡ್ಡು. ಮುಚ್ಚಳದ ಅಡಿಯ ರಬ್ಬರ್ ನೀರಲ್ಲಿ ಬಿದ್ದ ಹೆಣದ ಹಾಗೆ ಉಬ್ಬಿತ್ತು.

"ಟೂ-ಟಿ ಆಯಿಲ್. ಕಳೆ ಹೊಡೆಯೋ ಮೆಷಿನ್‌ಗೆ ಪೆಟ್ರೋಲ್ ಜೊತೆ ಹಾಕ್ತಾರಲ್ಲ, ಅದು."

"ಬ್ರೇಕಿಗೂ ಆಯಿಲೇ ತಾನೆ ಹಾಕೋದು?"

"ಎಲ್ರೂ ಬಾಯಲ್ಲಿ ಹಂಗೆ ಅಂತಾರೆ ಕಣಕ್ಕ. ಬ್ರೇಕ್ ಆಯಿಲ್ ಅಂದ್ರೆ ಆಯಿಲ್ ಅಲ್ಲ! ಅದೇ ಬೇರೆ ಸಾಮಾನು. ನಿಜವಾದ ಆಯಿಲ್ ಬಿದ್ರೆ ರಬ್ಬರ್ ಉಬ್ಬಿ ವಾಪಸ್ ಬರೋ ತೂತು ಮುಚ್ಚುತ್ತೆ. ಬ್ರೇಕ್ ಹಿಡ್ಕೊಂಡ್ರೆ ಬಿಡಲ್ಲ."

"ಎಷ್ಟು ಹೊತ್ತಿನಲ್ಲಿ?"

"ಹೊತ್ತಲ್ಲ, ದಿನ. ಮೂರೋ ನಾಲ್ಕೋ."

ಅಷ್ಟು ಸಾಕಿತ್ತು. ಲೆಕ್ಕ ಹಾಕುವ ತಾಳ್ಮೆ ನನಗಿರಲಿಲ್ಲ. ಅವನ ಸ್ಕೂಟರ್ ತೆಗೆದುಕೊಂಡು ನೇರ ತೀರ್ಥಪ್ರಸಾದನ ಗೋಡೌನಿಗೆ ನುಗ್ಗಿದೆ. ಮೇಜಿನ ಮೇಲೆ ಆ ಉಬ್ಬಿದ ರಬ್ಬರ್ ಎಸೆದೆ.

"ಏನ್ ಮೇಡಂ ಇದು, ಸತ್ತ ಜಿಗಣೆನಾ?"

"ನನ್ನ ಬ್ರೇಕು. ನಿಮ್ಮ ಎಣ್ಣೆ."

ವಿವರ ಕೇಳಿಸಿಕೊಂಡ. ಹೊಟ್ಟೆ ಕುಣಿಸಿ ನಕ್ಕ!

"ಜೀಪು ನಂದು, ಒಪ್ಕೊಂಡೆ. ಹೆದರಿಸೋಕೆ ಕಳಿಸಿದ್ದೆ. ಆದ್ರೆ ಇದು... ನೀವು ನನ್ ಗೋಡೌನಿಗೆ ಬಂದಿದ್ದು ನಿನ್ನೆ. ರಬ್ಬರ್ ಉಬ್ಬೋಕೆ ನಾಲ್ಕು ದಿನ. ನಾನೇನ್ ಜ್ಯೋತಿಷಿನಾ?"

ಆ ರಬ್ಬರನ್ನು ಬೆರಳ ತುದಿಯಿಂದ ನನ್ನತ್ತ ತಳ್ಳಿದ.

"ನಾನಾದ್ರೆ ಪೈಪ್ ಕುಯ್ತಿದ್ದೆ ಮೇಡಂ. ಇಷ್ಟು ನಿಧಾನದ ಕೆಲಸ ವೈರಿಗಳು ಮಾಡಲ್ಲ. ಮನೆಯೋರು ಮಾಡ್ತಾರೆ."

ಕಳ್ಳನ ಬಾಯಲ್ಲಿ ಸತ್ಯ ಕೇಳುವುದು ಅಸಹ್ಯ. ಅದಕ್ಕಿಂತ ಅಸಹ್ಯ, ಅದು ಸತ್ಯವೆಂದು ಹೊಟ್ಟೆಗೆ ಆಗಲೇ ಗೊತ್ತಿರುವುದು.

ಮನೆಗೆ ಬಂದೆ. ನನ್ನ ಗಂಡ ಸಿದ್ದರಾಜು ಜಗಲಿಯಲ್ಲಿ ಕಳೆ ಮೆಷಿನ್ನಿನ ಬ್ಲೇಡು ಬಿಚ್ಚುತ್ತಿದ್ದರು. ನನ್ನ ತಲೆಯಿಂದ ಕಾಲಿನವರೆಗೆ ಹಿಟ್ಟು, ಮೊಣಕೈಯಲ್ಲಿ ರಕ್ತ, ಯಾರದೋ ಸ್ಕೂಟರ್. ಬೇರೆ ಯಾರಾದರೂ 'ಏನಾಯ್ತು' ಎನ್ನುತ್ತಿದ್ದರು.

"ಬ್ರೇಕ್ ಹಿಡ್ಕೊಳ್ತಾ?" ಎಂದರು.

ಹದಿನಾರು ವರ್ಷ ಕಳ್ಳರ ಬಾಯಿ ಬಿಡಿಸಿದ್ದೇನೆ. ಇಷ್ಟು ಸುಲಭಕ್ಕೆ ಯಾರೂ ಬಿಟ್ಟಿರಲಿಲ್ಲ.

"ರೀ... ನಿಮಗೆ ಹೇಗೆ ಗೊತ್ತು?"

ಸ್ಪ್ಯಾನರ್ ಕೆಳಗಿಟ್ಟರು. ನೆಲ ನೋಡಿದರು.

"ಆಯಿಲ್ ಕಮ್ಮಿ ಇತ್ತು ಕಣೆ. ಹಾಕ್ದೆ. ಆಯಿಲ್ ತಾನೆ ಅಂತ..."

"ಹೋದ ವಾರ ನಾನೇ ತುಂಬಿಸಿದ್ದೆ."

ಬ್ಲೇಡು ಎತ್ತಿಕೊಂಡು ಒರೆಸತೊಡಗಿದರು.

"ತುಂಬಿದ್ದನ್ನ ಚೆಲ್ಲಿ ಇದನ್ನ ಹಾಕಿದ್ದೀರಿ. ಆಯಿಲ್ ಹಾಕಿದ್ರೆ ಏನಾಗುತ್ತೆ ಅಂತ ಯಾರು ಹೇಳಿದ್ರು?"

"ಶಿವಪ್ರಕಾಶ... ಒಂದ್ಸಲ ಮಾತಿಗೆ." ಧ್ವನಿ ಏರಿತು. "ನೀನು ಬೀಳ್ಲಿ ಅಂತಲ್ಲ ಕಣೆ, ದೇವ್ರಾಣೆ! ಗಾಡಿ ಸರಿಯಿಲ್ಲ ಅಂತ ನೀನೇ ಬೇಜಾರಾಗಿ ಬಿಡ್ಲಿ ಅಂತ. ಬಾಯಲ್ಲಿ ಹೇಳಿದ್ರೆ ನೀನು ಕೇಳ್ತಿದ್ಯಾ? ಸಂತೇಲಿ ನನ್ನ ಏನಂತಾರೆ ಗೊತ್ತಾ? ಪತ್ತೇದಾರಮ್ಮನ ಗಂಡ ಬಂದ, ಜೇಬು ನೋಡ್ಕೊಳ್ರೋ ಅಂತಾರೆ!"

ಒಂದು ಅಡ್ಡಹೆಸರಿಗೆ ನನ್ನ ತಲೆ. ಬೈಕಿಲ್ಲದೆ ಈ ಎಸ್ಟೇಟುಗಳಲ್ಲಿ ನನ್ನ ಕಸುಬಿಲ್ಲ. ಅದು ಅವರಿಗೂ ಗೊತ್ತಿತ್ತು. ಗೊತ್ತಿದ್ದೇ ಹಾಕಿದ್ದರು.

ನನಗೆ ಕೋಪ ಬರಲಿಲ್ಲ, ನೋಡಿ. ಓಕರಿಕೆ ಬಂತು. ಕೊಲ್ಲುವಷ್ಟು ದ್ವೇಷವಿದ್ದಿದ್ದರೂ ಒಂದು ಮರ್ಯಾದೆ ಇರುತ್ತಿತ್ತು. ಇಲ್ಲಿ ಅದೂ ಇರಲಿಲ್ಲ. ಬರೀ ಜಿಡ್ಡು. ನಾಲ್ಕು ದಿನ ನನ್ನೆದುರು ಕೂತು ರೊಟ್ಟಿ ತಿಂದು, ಹೊರಟಾಗಲೆಲ್ಲ 'ನಿಧಾನಕ್ಕೆ ಹೋಗು' ಎಂದ ಮನುಷ್ಯ!

"ಯಾರಿಗೂ ಹೇಳ್ಬೇಡ ಕಣೆ. ಮಾನ ಹೋಗುತ್ತೆ."

"ಹೇಳಲ್ಲ."

ನಲ್ಲಿಯ ಕೆಳಗೆ ಮೊಣಕೈ ಹಿಡಿದೆ. ಅಂಟಿದ ಹಿಟ್ಟು ನೀರಿನಲ್ಲಿ ಗಂಜಿಯಾಗಿ ಇಳಿಯಿತು. ಅಷ್ಟರೊಳಗೆ ತೀರ್ಮಾನವೂ ಆಯಿತು.

ಶಿವಪ್ರಕಾಶನಿಗೆ ಫೋನ್ ಮಾಡಿದೆ. "ರಬ್ಬರ್ ಎಲ್ಲಾ ಹೊಸದು ಹಾಕು. ನಾಳೆ ಬೆಳಿಗ್ಗೆ ಗಾಡಿ ಬೇಕು."

"ಎಲ್ಲಿಗೆ?" ಹಿಂದಿನಿಂದ ಸಿದ್ದರಾಜು. ಸ್ವರ ಆಗಲೇ ಹಗುರಾಗಿತ್ತು. ನಾನು ಕ್ಷಮಿಸಿದ್ದೇನೆ ಎಂದುಕೊಂಡಿದ್ದರು.

"ಪೊನ್ನಂಪೇಟೆಗೆ. ಒಂದು ಕೇಸಿದೆ."

"ತುಂಬಾ ದಿನ ಹಿಡಿಯುತ್ತಾ?"

"ಹಿಡಿಯುತ್ತೆ."

"ಹಂಗಾದ್ರೆ ಬಟ್ಟೆ ಜಾಸ್ತಿ ತಗೊಂಡ್ ಹೋಗು. ಆ ಕಡೆ ಮಳೆ, ಒಣಗಲ್ಲ."

ಪೊನ್ನಂಪೇಟೆಯಲ್ಲಿ ನನಗೆ ಯಾವ ಕೇಸೂ ಇರಲಿಲ್ಲ. ಆದರೂ ಗಂಡ ಹೇಳಿದ ಮಾತು... ಮೀರಲಿಲ್ಲ. ಇದ್ದಬದ್ದ ಬಟ್ಟೆಯನ್ನೆಲ್ಲ ತುಂಬಿಕೊಂಡೆ.