ಕಾಜಾ ಮುಗಿದರೂ ಮುಗಿಯದ ಹಾಡು

ಕೊರಳಲ್ಲಿ ಅಳತೆಪಟ್ಟಿ ಇಳಿಬಿಟ್ಟುಕೊಂಡೇ ಎದುರಂಗಡಿಯ ಟೈಲರ್ ಮೆಟ್ಟಿಲು ಹತ್ತಿ ಬಂದದ್ದು ಕಂಡು ಬೀದಿಗೆಲ್ಲ 'ಲ್ಯಾಬ್ ಮೇಡಂ' ಆದವಳ ತಮ್ಮ ಓದುತ್ತಿದ್ದ ಪೇಪರನ್ನು ಮಡಚಿಟ್ಟ. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತಳಾದ ಅಕ್ಕನ ಬಳಿಗೆ ಬೀದಿಯವರು ಬರುತ್ತಿದ್ದುದು ಎರಡೇ ಕಾರಣಕ್ಕೆ: ಮಕ್ಕಳ ಪಾಠ, ಇಲ್ಲವೇ ಕಳುವಿನ ಪತ್ತೆ. ಟೈಲರಿಗೆ ಮಕ್ಕಳಿರಲಿಲ್ಲ.

"ಮೇಡಂ, ಅವರ ರೆಕಾರ್ಡನ್ನ ಬದಲಾಯಿಸಿಬಿಟ್ಟಿದ್ದಾನೆ."

ಟೈಲರ್ 'ಅವರು' ಎಂದರೆ ಒಬ್ಬಳೇ ಗಾಯಕಿ. ಅವಳ ರೆಕಾರ್ಡುಗಳಿಗೆಂದೇ ಅವನು ಲೈನಿಂಗ್ ಬಟ್ಟೆಯಲ್ಲಿ ಚೀಲ ಹೊಲಿದು ಬೀರು ತುಂಬಿಸಿದ್ದ.

"ಯಾರು ಬದಲಾಯಿಸಿದ್ದು?"

"ಇನ್ಯಾರು, ಆ ರೆಕಾರ್ಡ್ ವ್ಯಾಪಾರಿ. ಚಡ್ಡಿ ಕಾಲದ ಸ್ನೇಹಿತ. ಮೊನ್ನೆ ನಾನು ತಂಗಿ ಊರಿಗೆ ಹೋಗಿದ್ದಾಗ ಬಂದು ಕೂತಿದ್ದನಂತೆ. ಇವತ್ತು ಹಾಕಿದ್ರೆ, ಅದು ಯಾರೋ ಅವರನ್ನ ಅನುಕರಿಸಿ ಹಾಡಿದ್ದು. ಮೇಲಿನ ಸ್ವರ ಹಿಡಿಯುವಾಗ ಅವರ ಕಂಠ ಬಟ್ಟೆಗೇ ಗೊತ್ತಾಗದ ಹಾಗೆ ದಾಟೋ ಸೂಜಿ. ಇದು ದಬ್ಬಳ. ನನ್ನ ಹೊಸ್ತಿಲು ತುಳೀಬೇಡ ಅಂದುಬಿಟ್ಟೆ. ಸಂಜೆ ಪೊಲೀಸಿಗೆ ಹೇಳ್ತೀನಿ."

ತಮ್ಮನೊಂದಿಗೆ ಅಂಗಡಿಗೆ ಹೋಗಿ ಅಕ್ಕ ಮೊದಲು ರೆಕಾರ್ಡಿನ ಲೇಬಲ್ ನೋಡಿದಳು. ಅಂಚಿನಲ್ಲಿ ಇಸ್ತ್ರಿಪೆಟ್ಟಿಗೆ ತಾಗಿದ ಕಂದು ಕಲೆ.

"ಈ ಕಲೆ?"

"ನಾನೇ ಮಾಡಿದ್ದು. ಅದನ್ನೂ ನಕಲು ಮಾಡಿದ್ದಾನೆ ಖದೀಮ."

"ಮಾಮೂಲಿನ ಹಾಗೆ ಕೆಲಸ ಮಾಡ್ತಾ ಹಾಡು ಹಾಕಿ."

ಈ ಹಾಡು ಮುಗಿಯುವಷ್ಟರಲ್ಲಿ ಒಂದು ಕಾಜಾ, ಅದು ಅವನ ಕೈಯ ಲೆಕ್ಕ. ಅಂಗಿಯ ಗುಂಡಿತೂತಿನ ಸುತ್ತ ದಾರ ಸುತ್ತಿ ಗಂಟು ಬಿಗಿದ. ಹಾಡಿನಲ್ಲಿ ಇನ್ನೂ ಒಂದು ಸಾಲು ಉಳಿದಿತ್ತು.

"ನೋಡಿ, ಎಳೀತಾಳೆ ಇವಳು. ಆ ವ್ಯಾಪಾರಿಗೆ ಕಿವಿಯೇ ಇಲ್ಲ, ನನ್ನ ಅಂಗಡೀಲಿ ಅವರು ಬಸ್ಸಿಗೆ ಹೊತ್ತಾದ ಹಾಗೆ ಹಾಡ್ತಾರೆ ಅಂತಿದ್ದ. ರೇಡಿಯೋದವರಂತೂ ಅವರ ಕಂಠಾನೇ ಇಳಿಸಿ ಕೆಡಿಸ್ತಾರೆ."

ಅಕ್ಕ ಟ್ಯೂಬ್‌ಲೈಟಿನ ಬೆಳಕಲ್ಲಿ ಪ್ಲೇಯರಿನ ತಿರುಗುವ ತಟ್ಟೆಯ ಅಂಚಿಗೆ ಬಾಗಿದಳು. "ಈ ಚುಕ್ಕಿಗಳು?"

"ಅಲಂಕಾರಕ್ಕೆ. ಮೊದಲು ಮೆಲ್ಲಗೆ ಮುಂದಕ್ಕೆ ತೆವಳ್ತಿದ್ದವು. ಈಗ ನಿಂತೇಬಿಟ್ಟಿವೆ. ಅವಕ್ಕೂ ಬೇಜಾರು."

"ಪ್ಲೇಯರನ್ನ ಯಾರಾದ್ರೂ ಮುಟ್ಟಿದ್ರಾ?"

ಚಹಾ ತಂದ ಟೈಲರನ ಹೆಂಡತಿಯ ಕೈಯಲ್ಲಿ ಕಪ್ಪುಬಸಿ ಕಿಣಿಕಿಣಿ ಎಂದು ಚಹಾ ಚೆಲ್ಲಿತು. "ಇಲ್ಲ" ಎಂದ ಟೈಲರ್. ವ್ಯಾಪಾರಿಯೇ ಕಳ್ಳನೆಂದು ತಮ್ಮ ಆಗಲೇ ತೀರ್ಮಾನಿಸಿದ್ದ. ಅಕ್ಕನ ತುಟಿಯಂಚಿನಲ್ಲಿ ಮಾತ್ರ ನಗುವಿತ್ತು.

"ವ್ಯಾಪಾರಿಯನ್ನ ಕರಕೊಂಡು ಬಾ," ಎಂದಳು ತಮ್ಮನಿಗೆ.

ವ್ಯಾಪಾರಿ ಬಂದವನು ಹೊಸ್ತಿಲಾಚೆಯೇ ನಿಂತ. "ತುಳೀಬಾರದಂತೆ."

"ಬೀರುವಿನಿಂದ ನಿಮಗೆ ಬೇಕಾದ್ದು ಯಾವುದಾದ್ರೂ ಹಾಕಿ," ಎಂದಳು ಅಕ್ಕ ಟೈಲರಿಗೆ. ಟೈಲರ್ ಹಾಕಿದ. ಒಂದು ಸಾಲಿಗೇ ಮುಖ ಬಿಳುಚಿತು. "ಇದೂ ಬದಲಾಗಿದೆ."

"ಹೌದಪ್ಪ, ಗಾಡಿ ತಂದು ಬೀರುವನ್ನೇ ಬದಲಾಯಿಸಿದೆ," ಎಂದ ವ್ಯಾಪಾರಿ.

"ರೆಕಾರ್ಡು ಯಾವುದೂ ಬದಲಾಗಿಲ್ಲ," ಎಂದಳು ಅಕ್ಕ. "ಕಲೆ ನಿಮ್ಮದೇ. ಕಂಠ ಇಳಿದಿದೆ, ಹಾಡು ಉದ್ದವಾಗಿದೆ. ಎರಡೂ ಒಟ್ಟಿಗೆ ಆಗೋದು ತಟ್ಟೆ ನಿಧಾನ ಆದಾಗ. ಹಾಗಾದರೆ ಈಗಿನ ವೇಗ ತಪ್ಪಾ, ಮೊದಲಿನದಾ? ಅದನ್ನ ಹೇಳೋಕೇ ಈ ಚುಕ್ಕಿಗಳಿರೋದು. ಟ್ಯೂಬ್‌ಲೈಟ್ ಕಣ್ಣಿಗೆ ಕಾಣದಷ್ಟು ಬೇಗ ಮಿನುಗ್ತಿರುತ್ತೆ. ವೇಗ ಸರಿಯಿದ್ರೆ ಆ ಬೆಳಕಲ್ಲಿ ಚುಕ್ಕಿ ನಿಂತ ಹಾಗೆ ಕಾಣುತ್ತೆ, ಹೆಚ್ಚಿದ್ರೆ ಮುಂದಕ್ಕೆ ತೆವಳುತ್ತೆ. ಈಗಿನದೇ ಸರಿ. ವ್ಯಾಪಾರಿಯ ಬಸ್ಸಿನ ಮಾತು, ರೇಡಿಯೋ ಎರಡೂ ನಿಜವನ್ನೇ ಹೇಳ್ತಿದ್ದವು. ಇನ್ನು, ಪ್ಲೇಯರಿನ ಸ್ಕ್ರೂ ತಲೆಗಳು ಹೊಸದಾಗಿ ಹೊಳೀತಿವೆ. ನಿಮ್ಮ ಯಜಮಾನರು ಪೊಲೀಸ್ ಅಂತ ಬೆಳಗಿನಿಂದ ಕೂಗ್ತಿದ್ರೂ ಚೆಲ್ಲದ ಚಹಾ, ನಾನು ಪ್ಲೇಯರ್ ಅಂದಾಗ ಚೆಲ್ತು. ಅಲ್ವಾ ತಾಯಿ?"

ಹೆಂಡತಿ ಸೆರಗಿನ ತುದಿ ಹಿಂಡಿದಳು. "ಧೂಳು ಒರೆಸುವಾಗ ತಟ್ಟೆ ತಿರುಗಿಸೋ ಬೆಲ್ಟು ಕಿತ್ತುಹೋಯ್ತು. ಇವರು ಬರೋದರೊಳಗೆ ರೇಡಿಯೋ ರಿಪೇರಿಯವನನ್ನ ಕರೆಸಿದೆ. ಹೊಸದು ಹಾಕಿ ಒಳಗೆ ಏನೋ ತಿರುಚಿದ. ಬೆಲ್ಟಿಗೂ ಕಂಠಕ್ಕೂ ಏನು ಸಂಬಂಧ ಅಂದ್ಕೊಂಡೆ."

ಟೈಲರ್ ತಟ್ಟೆಯ ಚುಕ್ಕಿಗಳ ಮೇಲೆ ಬಾಗಿದ. "ಅಂದ್ರೆ, ಇಷ್ಟು ವರ್ಷ ಅವರನ್ನ ಓಡಿಸ್ಕೊಂಡೇ ಹಾಡಿಸಿದ್ನಾ?"

"ಸ್ವಲ್ಪ."

ಅವನು ತಿರುಗಿ ಬೀರು ನೋಡಿದ. ಒಂದೊಂದೇ ಚೀಲದ ಮೇಲೆ ಬೆರಳಾಡಿಸುತ್ತ ಹೋದ ಹಾಗೆ ಕಣ್ಣು ಅರಳುತ್ತ ಬಂತು.

"ಇದರಲ್ಲಿ ಒಂದನ್ನೂ ನಾನು ಕೇಳೇ ಇಲ್ಲ," ಎಂದ. "ಅಷ್ಟೂ ಹೊಸದು ಮೇಡಂ. ಅಷ್ಟೂ."

ಹೊಸ್ತಿಲಿಗೆ ಹೋಗಿ ವ್ಯಾಪಾರಿಯ ಕೈ ಹಿಡಿದೆಳೆದ. "ಬಾಯಿಗೆ ಬಂದದ್ದು ಅಂದೆ, ತಪ್ಪಾಯ್ತು ಕಣೋ. ಒಳಗೆ ಬಾ. ಮೊದಲಿನಿಂದ ಶುರು ಮಾಡೋಣ."

"ಅಂಗಿಗಳು?" ಎಂದಳು ಹೆಂಡತಿ.

"ಕಾಯಲಿ ಬಿಡು."

ಆ ದಿನ ಆ ಅಂಗಡಿಯಲ್ಲಿ ಇನ್ನೊಂದು ಕಾಜಾ ಆಗಲಿಲ್ಲ.