ಕಪಾಟಿನ ಹುಡುಗಿಗೆ ಬಂದ 'ಟಿಂಗ್'

"ಇದು ಯಾರು?"

ಅವನು ಕೇಳಿದ ರೀತಿಗೇ ಅವಳ ಬೆನ್ನು ನೆಟ್ಟಗಾಯಿತು.

"ಏನು ಯಾರು?"

"ನೀವೇ ಕೇಳಿ."

ಗಾಜಿನ ಗೋಡೆಯ ಆ ಪುಟ್ಟ ಕೋಣೆಯಲ್ಲಿ ಅವನು ತನ್ನ ಹೆಡ್‌ಫೋನ್ ತೆಗೆದು ಅವಳ ಕೈಗಿಟ್ಟ. ಇನ್ನೂ ಬೆಚ್ಚಗಿತ್ತು. ಕಿವಿಗೆ ಹಾಕಿಕೊಂಡರೆ ಒಳಗೆ ಅವಳದೇ ಧ್ವನಿ. ಕಾದಂಬರಿಯ ನಾಯಕಿ ತಾಯಿಯ ಹಾಸಿಗೆಯ ಪಕ್ಕ ಕೂತು ಅಳುತ್ತಿದ್ದಾಳೆ...

'ಅಮ್ಮಾ, ಒಂದು ಸಲ ಕಣ್ಣು ಬಿಡು...'

ಟಿಂಗ್!

'ಒಂದೇ ಒಂದು ಸಲ...'

ಟಿಂಗ್! ಟಿಂಗ್!

ಅವಳ ಕಿವಿಯ ತುದಿಯವರೆಗೂ ಬಿಸಿಯೇರಿತು.

"ಅಲ್ಲಿ ತಾಯಿ ಸಾಯ್ತಾ ಇದಾಳೆ, ಇಲ್ಲಿ ನಿಮಗೆ ಮೆಸೇಜ್ ಬರ್ತಾ ಇದೆ. ನಿಮ್ಮ ಸ್ನೇಹಿತರಿಗೆ ಸ್ವಲ್ಪ ಹೊತ್ತು ಸುಮ್ಮನಿರೋಕೆ ಹೇಳಿ ಮೇಡಂ."

"ನನಗೆ ಯಾರೂ ಮೆಸೇಜ್ ಕಳಿಸಲ್ಲ!"

ಅಂದುಬಿಟ್ಟಳು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಛೇ! ಯಾರೂ ದಿಕ್ಕಿಲ್ಲದವಳ ಹಾಗೆ ಕೇಳಿಸಿತಲ್ಲ!

ಪುಸ್ತಕಗಳನ್ನು ಓದಿಸಿ, ಧ್ವನಿ ರೂಪದಲ್ಲಿ ಕೇಳಿಸುವ ಸಂಸ್ಥೆ ಅದು. ಅವನು ಅಲ್ಲಿ ಧ್ವನಿ ತಿದ್ದುವವನು. ಕೆಮ್ಮು, ಉಸಿರು, ಕುರ್ಚಿಯ ಕಿರಕಿರ, ಎಲ್ಲವನ್ನೂ ಕತ್ತರಿಸಿ ತೆಗೆಯುತ್ತಾನೆಂದು ಎಲ್ಲರೂ ಅವನನ್ನು 'ಕತ್ತರಿ' ಎಂದೇ ಕರೆಯುತ್ತಿದ್ದರು.

"ಇದನ್ನೂ ಕತ್ತರಿಸಿ ಬಿಡಿ," ಎಂದಳು ಅವಳು, ಸಿಟ್ಟಿನಿಂದ.

"ಮಾತಿನ ಮೇಲೇ ಕೂತಿದೆಯಲ್ಲ. ಟಿಂಗ್ ತೆಗೆದ್ರೆ ಅಮ್ಮನೂ ಹೋಗ್ತಾಳೆ." ಅವನು ನಗಲಿಲ್ಲ. "ಶುಕ್ರವಾರದೊಳಗೆ ಮೊದಲ ಅಧ್ಯಾಯ ಸ್ವಚ್ಛವಾಗಿ ಬರಬೇಕು. ಇಲ್ಲದಿದ್ರೆ ಪುಸ್ತಕ ಬೇರೆಯವರಿಗೆ ಹೋಗುತ್ತೆ. ನನ್ನ ಕೈಲಿಲ್ಲ ಅದು."

ಇದು ಅವಳ ಮೊದಲ ಪುಸ್ತಕ. ಮೊನ್ನೆ ಮೊನ್ನೆಯವರೆಗೂ ಅವಳು ಒಂದು ದೊಡ್ಡ ಅಂಗಡಿಯ ಮೈಕಿನ ಹಿಂದಿನ ಧ್ವನಿ. 'ಗ್ರಾಹಕರ ಗಮನಕ್ಕೆ! ಸಾಬೂನಿನ ಮೇಲೆ ರಿಯಾಯಿತಿ...' ಯಾರಿಗೂ ಬೇಡದ, ಯಾರೂ ತಲೆಯೆತ್ತಿ ಕೇಳದ ಧ್ವನಿ. ಒಬ್ಬರಾದರೂ ಬೇಕೆಂದು ಕೂತು ಕೇಳಲಿ ಎಂಬ ಒಂದೇ ಆಸೆಗೆ ಆ ಕೆಲಸ ಬಿಟ್ಟು ಬಂದಿದ್ದಳು. ಈಗ ಒಂದು ಟಿಂಗ್ ಅದನ್ನೂ ಕಿತ್ತುಕೊಳ್ಳುವುದೇ?

* * *

ಮನೆಗೆ ಬಂದವಳೇ ಲ್ಯಾಪ್‌ಟಾಪ್ ತೆರೆದಳು.

ಟಿಂಗ್! 'ಎಚ್ಚರ! ವೈರಸ್‌ನಿಂದ ನಿನ್ನ ಗಣಕ ಸಾಯುತ್ತಿದೆ!'

ಟಿಂಗ್! 'ನೀನು ಗೆದ್ದೆ ಪ್ರಿಯ! ಬಹುಮಾನ ಈಗ ಎತ್ತಿಕೊಳ್ಳು!'

ಟಿಂಗ್! 'ಯಾರೋ ಒಬ್ಬರು ನಿನಗಾಗಿ ಕಾಯುತ್ತಿದ್ದಾರೆ!'

ಮೂಲೆಯಿಂದ ಒಂದೊಂದೇ ಮೇಲೆದ್ದು ಬರುತ್ತಿದ್ದವು, ಬಾಣಲೆಯಲ್ಲಿ ಜೋಳ ಸಿಡಿದ ಹಾಗೆ. ಎಷ್ಟೋ ದಿನದಿಂದ ಬರುತ್ತಲೇ ಇದ್ದವು. ಕಿವಿ ಒಗ್ಗಿಹೋಗಿತ್ತು. ಗೋಡೆ ಗಡಿಯಾರದ ಸದ್ದು ಮನೆಯವರಿಗೆ ಕೇಳಿಸುತ್ತದೆಯೇ?

ಒಂದನ್ನು ಮುಚ್ಚಿದರೆ ಎರಡು ಎದ್ದವು. 'ಉಚಿತ ಕ್ಲೀನರ್' ಎಂದು ಒಂದು ಬಂತು. ಅದನ್ನು ಹಾಕಿಕೊಂಡಳು. ಕಳ್ಳನಿಗೇ ಕಾವಲು ಕೆಲಸ ಕೊಟ್ಟ ಹಾಗಾಯಿತು! ಈಗ ಏನು ಹುಡುಕಿದರೂ ಕೂದಲೆಣ್ಣೆಯ ಜಾಹೀರಾತು.

"ಅತ್ತೇ! ಇದರಲ್ಲಿ ನೀನೇನಾದ್ರೂ ಒತ್ತಿದ್ಯಾ?"

ಅವಳನ್ನು ಸಾಕಿ ಬೆಳೆಸಿದ ಸೋದರತ್ತೆ ಸ್ವೆಟರ್ ಹೆಣೆಯುತ್ತಾ ಸೋಫಾದಲ್ಲಿ ಕೂತಿದ್ದಳು. ಹಳೆಯ ಧಾರಾವಾಹಿಗಳನ್ನು ಪುಕ್ಕಟೆ ತೋರಿಸುವ ಸೈಟು ಎಲ್ಲಿದ್ದರೂ ಹುಡುಕಿ ತೆಗೆಯುವುದು ಅವಳ ಹವ್ಯಾಸ.

"ನಾನೇನು ಒತ್ತಿದೆ ಮಹಾ? 'ನೀನು ರೋಬೋಟ್ ಅಲ್ಲದಿದ್ದರೆ ಅನುಮತಿಸಿ ಒತ್ತು' ಅಂತ ಕೇಳ್ತು. ನಾನು ರೋಬೋಟಾ?"

"ಅತ್ತೇ..."

"ಅಲ್ಲ ಅಂತ ಹೇಳೋಕೇನು ನಾಚಿಕೆ ಪುಟ್ಟಿ? ಕೇಳಿದಾಗೆಲ್ಲ ಒತ್ತಿದೀನಿ!"

ಅವಳು ತಲೆಯ ಮೇಲೆ ಕೈಹೊತ್ತು ಕೂತಳು.

ಗುರುವಾರ ಸಂಜೆಯ ಹೊತ್ತಿಗೆ ಅವಳಿಗೆ ಉಳಿದಿದ್ದು ಒಂದೇ ದಾರಿ. ಅದು ಆ ಕತ್ತರಿಯ ಫೋನ್ ನಂಬರ್. ಬೇಡ... ಮತ್ತೆ ಆ ಮುಖದಿಂದ ಬೈಸಿಕೊಳ್ಳಬೇಕಾ? ಆದರೆ ಪುಸ್ತಕ? ಬೆರಳು ಎರಡು ಸಲ ಹಿಂದೆ ಸರಿದು, ಮೂರನೇ ಸಲ ಒತ್ತಿತು.

"ನೀವು ಲ್ಯಾಪ್‌ಟಾಪ್ ಮುಂದೆ ಇದೀರಾ?" ಪೂರ್ತಿ ಕೇಳಿಸಿಕೊಂಡ ಮೇಲೆ ಅವನೆಂದ. ಧ್ವನಿ ಮೆತ್ತಗಾಗಿತ್ತು. "ವೈರಸ್ ಅಂತ ಅದೇ ಹೇಳ್ಕೊಳ್ತಿದೆ, ಹೆದರಬೇಡಿ. ಬ್ರೌಸರ್ ಸೆಟ್ಟಿಂಗ್ಸ್ ತೆಗೀರಿ. ಸೈಟ್ ಸೆಟ್ಟಿಂಗ್ಸ್. ಅದರೊಳಗೆ ಅಧಿಸೂಚನೆಗಳು, ಅಂದ್ರೆ ನೋಟಿಫಿಕೇಶನ್ಸ್. ಅನುಮತಿ ಇರೋ ಸೈಟುಗಳ ಪಟ್ಟಿ ಇರುತ್ತೆ. ಓದಿ ನೋಡೋಣ."

ಅವಳು ಓದಿದಳು. ಅಭ್ಯಾಸಬಲ... ಕಥೆಯ ಧ್ವನಿಯಲ್ಲೇ ಓದಿದಳು.

"ಧಾರಾವಾಹಿ ಪುಕ್ಕಟೆ ಪುಕ್ಕಟೆ ಡಾಟ್... ಅದೃಷ್ಟ ಚಕ್ರ ಈಗಲೇ ಡಾಟ್... ತೊಂಬತ್ತೊಂಬತ್ತು ಕೂದಲು ಡಾಟ್..."

ಆ ಕಡೆಯಿಂದ ಏನೋ ಒಡೆದ ಸದ್ದು. ಅಯ್ಯೋ, ನಗು! ಆ ಮನುಷ್ಯನಿಗೆ ನಗು ಬರುತ್ತದೆ!

"ಕ್ಷಮಿಸಿ... ಆ ಕೂದಲನ್ನ ಇನ್ನೊಂದು ಸಲ ಓದಿ."

ಅವಳೂ ನಕ್ಕಳು. ಪ್ರತಿ ಹೆಸರಿನ ಪಕ್ಕದ ಮೂರು ಚುಕ್ಕಿ ಒತ್ತಿ, 'ನಿರ್ಬಂಧಿಸಿ' ಎನ್ನುತ್ತಾ ಹೋದಳು. ಬ್ರೌಸರ್‌ಗೆ ಜಿಗಣೆಯಂತೆ ಕಚ್ಚಿಕೊಂಡಿದ್ದ ಆ ಕ್ಲೀನರನ್ನು ಅವನು ಹೇಳಿಕೊಟ್ಟಂತೆ ಕಿತ್ತು ಎಸೆದಳು.

ಕೋಣೆ ನಿಶ್ಶಬ್ದವಾಯಿತು. ಎಷ್ಟು ದಿನವಾಗಿತ್ತು ಇಂಥ ನಿಶ್ಶಬ್ದ ಕೇಳಿ!

"ಯಾರೂ ಬಾಗಿಲು ಒಡೆದು ಬಂದಿರಲಿಲ್ಲ ಮೇಡಂ," ಎಂದ ಅವನು. "ನಿಮ್ಮನೇಲಿ 'ಅನುಮತಿಸಿ' ಒತ್ತಿ ಹೂಂ ಅಂದಿದ್ರು, ಅಷ್ಟೇ... ಆಮೇಲೆ... ಅವತ್ತು ನಾನು ಮಾತಾಡಿದ ರೀತಿ ಸರಿ ಇರಲಿಲ್ಲ. ಯಾರೋ ಇದಾರೆ ಅಂದ್ಕೊಂಡೆ."

"ಇದ್ದಿದ್ರೆ ಬೈಬಹುದಿತ್ತಾ?"

"ಇದ್ದಿದ್ರೆ..." ಅವನು ನಿಲ್ಲಿಸಿದ. "ಅದಿರಲಿ. ನೀವು ಎಲ್ಲಿ ಕೂತು ಓದ್ತೀರಿ? ಧ್ವನಿ ತುಂಬ ಮೆದುವಾಗಿ ಬರುತ್ತಲ್ಲ."

"ಬಟ್ಟೆ ಕಪಾಟಿನೊಳಗೆ. ಕೋಟು, ರಗ್ಗುಗಳ ಮಧ್ಯೆ. ಲ್ಯಾಪ್‌ಟಾಪ್ ಮಂಡಿ ಮೇಲೆ."

"ಕಪಾಟಿನೊಳಗಾ!"

ಅಂದಿನಿಂದ ಅವಳು 'ಕಪಾಟು ಮೇಡಂ' ಆದಳು.

* * *

ಶುಕ್ರವಾರ ಅಧ್ಯಾಯ ತಲುಪಿತು. ಪುಸ್ತಕ ಅವಳ ಕೈಯಲ್ಲೇ ಉಳಿಯಿತು.

ಸಂಸ್ಥೆಯವರು ಮಾತಾಡಿಕೊಳ್ಳಲು ಬ್ರೌಸರಿನಲ್ಲೇ ಒಂದು ಪುಟವಿತ್ತು. ಅವನು ಅಲ್ಲಿ ಬರೆದರೆ ಅವಳ ಪರದೆಯ ಮೂಲೆಯಲ್ಲಿ ಟಿಂಗ್ ಎನ್ನುತ್ತಿತ್ತು. ಅವಳು ಓದುವ ಹೊತ್ತಿನಲ್ಲಿ ಅವನೆಂದೂ ಬರೆಯುತ್ತಿರಲಿಲ್ಲ. ಮುಗಿಸಿ ಕಪಾಟಿನಿಂದ ಹೊರಗೆ ಬಂದ ಮೇಲೆ ಮೆಲ್ಲಗೆ...

ಟಿಂಗ್. 'ಇವತ್ತು ನಿಮ್ಮ ಕಥೆಯ ಮುದುಕ ತುಂಬ ಚೆನ್ನಾಗಿ ಗೊಣಗಿದ.'

ಟಿಂಗ್. 'ನಿಮಗೆ ನೆಗಡಿಯಾ? ಇವತ್ತು ನಾಯಕಿಗೂ ಆಗಿದೆ.'

ಸದ್ದು ಅದೇ. ಆದರೆ ಈಗ ಅವಳು ಅದಕ್ಕಾಗಿ ಕಾಯುತ್ತಿದ್ದಳು!

"ಬಂತಾ ಕತ್ತರಿ ಸಾಹೇಬ್ರದ್ದು?" ಎಂದು ಅತ್ತೆ ಕೆಣಕುತ್ತಿದ್ದಳು. "ಮುಖ ನೋಡು, ಬಲ್ಬ್ ಹಾಕಿದ ಹಾಗಿದೆ."

"ಕೆಲಸದ ವಿಷಯ ಅತ್ತೆ!"

"ಹೌದು ಹೌದು. ನೆಗಡಿ ಕೆಲಸದ ವಿಷಯವೇ."

ಹಾಗೆಂದ ಅತ್ತೆಯೇ ಒಂದು ಮಧ್ಯಾಹ್ನ ಮತ್ತೊಂದು ಪುಕ್ಕಟೆ ಸೈಟು ಹುಡುಕಿದಳು. ಮತ್ತೆ ತಾನು ರೋಬೋಟ್ ಅಲ್ಲವೆಂದು ಸಾಬೀತು ಮಾಡಿದಳು.

ಅಂದು ಅವನಿಂದ ಬೆಳಗಿನಿಂದಲೂ ಸುದ್ದಿಯಿರಲಿಲ್ಲ. ಅವಳ ಕೈಗೆ ಕೆಲಸ ಹತ್ತುತ್ತಿರಲಿಲ್ಲ. ಎದ್ದಳು, ಕಿಟಕಿಗೆ ಹೋದಳು, ಬಂದಳು, ಮತ್ತೆ ಎದ್ದಳು. ಆಗ... ಟಿಂಗ್!

ಓಡಿ ಬಂದಳು.

'ಯಾರೋ ಒಬ್ಬರು ನಿನಗಾಗಿ ಕಾಯುತ್ತಿದ್ದಾರೆ!'

ಒಂದು ಕ್ಷಣ... ಒಂದೇ ಕ್ಷಣ, ಅವನೇ ಎಂದುಕೊಂಡು ಒತ್ತಿಬಿಟ್ಟಳು. ಪರದೆ ತುಂಬ ತಿರುಗುವ ಅದೃಷ್ಟ ಚಕ್ರ. ಅದರ ನಡುವೆ ಹಲ್ಲುಕಿರಿಯುವ ಯಾವನೋ.

ಅವಮಾನದಿಂದ ಕಣ್ಣು ತುಂಬಿತು. ಇಷ್ಟು ಆತುರವಾ ನನಗೆ? ಅವನು ನನ್ನನ್ನು ಎಂದಾದರೂ 'ನೀನು' ಅಂದಿದ್ದಾನಾ? ಕೆಟ್ಟ ಕನ್ನಡದ ಜಾಹೀರಾತಿಗೂ ನಾನೇ ಸಿಕ್ಕಿದ್ದಾ?

ಅವಳು ಸೆಟ್ಟಿಂಗ್ಸ್ ತೆರೆದಳು. ಈ ಸಲ ಒಂದೊಂದನ್ನೇ ಆರಿಸುವ ತಾಳ್ಮೆ ಇರಲಿಲ್ಲ. ಒಂದೇ ಏಟಿಗೆ ಎಲ್ಲವನ್ನೂ ನಿರ್ಬಂಧಿಸಿದಳು. ಯಾರೂ ಬರಬಾರದು. ಯಾರೂ ಕೇಳಲೂ ಬಾರದು!

ಆ ಪಟ್ಟಿಯಲ್ಲಿ ಅವನು ಬರೆಯುತ್ತಿದ್ದ ಸಂಸ್ಥೆಯ ಪುಟವೂ ಇತ್ತು. ಕಣ್ಣೀರಿನಲ್ಲಿ ಅವಳಿಗೆ ಅದು ಕಾಣಿಸಲಿಲ್ಲ.

ಅದೇ ಸಂಜೆ ಅವನು ಗಾಜಿನ ಕೋಣೆಯಲ್ಲಿ ಕೂತು, ಬರೆದು ಅಳಿಸಿ, ಅಳಿಸಿ ಬರೆದು, ಕೊನೆಗೆ ಕಣ್ಣು ಮುಚ್ಚಿ ಕಳಿಸಿದ.

'ಪುಸ್ತಕ ಮುಗಿದ ಮೇಲೆ ನಿಮ್ಮನ್ನ ನೀನು ಅಂತ ಕರೀಬಹುದಾ? ಇಷ್ಟ ಇಲ್ಲದಿದ್ರೆ ಉತ್ತರ ಕೊಡಬೇಡಿ. ನನಗೆ ಅರ್ಥ ಆಗುತ್ತೆ.'

ಉತ್ತರ ಬರಲಿಲ್ಲ.

ಅವನಿಗೆ ಅರ್ಥವಾಯಿತು. ಅಥವಾ ಅರ್ಥವಾಯಿತೆಂದು ಅಂದುಕೊಂಡ.

* * *

ಎಷ್ಟು ಬೇಡಿಕೊಂಡಿದ್ದ ನಿಶ್ಶಬ್ದ! ಈಗ ಅದೇ ಅವಳನ್ನು ಕೊಲ್ಲುತ್ತಿತ್ತು.

ಆ ಪುಟ ತೆರೆದು ನೋಡಲಾ? ಕೈ ಹೋಗುತ್ತಿತ್ತು, ಮನಸ್ಸು ತಡೆಯುತ್ತಿತ್ತು. ಬರೆದಿದ್ದರೆ ಟಿಂಗ್ ಅನ್ನುತ್ತಿರಲಿಲ್ಲವಾ? ಬರೆದಿಲ್ಲ. ಅಷ್ಟೇ. ನಾನಾಗಿ ಹೋಗಿ ಇಣುಕಲಾ? ಸಾಧ್ಯವೇ ಇಲ್ಲ!

ಅಧ್ಯಾಯಗಳನ್ನು ಇಮೇಲ್‌ನಲ್ಲಿ ಕಳಿಸತೊಡಗಿದಳು. 'ಲಗತ್ತಿಸಿದೆ, ಪರಿಶೀಲಿಸಿ.' ಅವನಿಂದ, 'ತಲುಪಿತು, ಧನ್ಯವಾದ.' ಇಬ್ಬರೂ ಸರ್ಕಾರಿ ಕಚೇರಿಗಳ ಹಾಗೆ ಮಾತಾಡತೊಡಗಿದರು.

ಕೊನೆಯ ಅಧ್ಯಾಯ. ಕಪಾಟಿನೊಳಗೆ ಕೋಟುಗಳ ನಡುವೆ ಕೂತು ಕೊನೆಯ ವಾಕ್ಯ ಓದಿ ಮುಗಿಸಿದಳು. ಬಾಗಿಲು ಸರಿಸಿ ಅತ್ತೆ ಇಣುಕಿದಳು.

"ಯಾಕೆ ಅಲ್ಲೇ ಕೂತ್ಬಿಟ್ಟೆ? ಮುಗೀತಾ?"

"ಮುಗೀತು ಅತ್ತೆ. ಎಲ್ಲ ಮುಗೀತು."

"ಅಯ್ಯೋ ನನ್ನ ಕೂಸೇ... ಅಳ್ತಿದ್ಯಾ? ಇತ್ತೀಚೆಗೆ ಕತ್ತರಿ ಸಾಹೇಬ್ರು ಟಿಂಗ್ ಅನ್ನೋದೇ ಇಲ್ಲವಲ್ಲ. ಜಗಳವಾ?"

"ಜಗಳ ಆಡೋಕೆ ನಾನು ಅವರಿಗೆ ಯಾರು? ನಾನೇ ಹುಚ್ಚಿ. ಅವತ್ತು ಆ ಜಾಹೀರಾತು ಬಂದಾಗ ಅವರೇ ಅಂತ ಓಡಿ ಬಂದೆ ಅತ್ತೆ! ಸಿಟ್ಟಲ್ಲಿ ಎಲ್ಲಾ ಬಂದ್ ಮಾಡ್ದೆ, ಒಂದೂ ಬಿಡದ ಹಾಗೆ. ಆದ್ರೂ ಕಿವಿ ಆ ಮೂಲೆ ಕಡೆಗೇ ಇರುತ್ತೆ..."

"ಒಂದೂ ಬಿಡದ ಹಾಗಾ? ಹಾಗಾದ್ರೆ..."

"ಏನೂ ಹೇಳಬೇಡ ಅತ್ತೆ, ಪ್ಲೀಸ್."

ಮೂಗು ಒರೆಸಿಕೊಂಡು, ಕಡತ ಉಳಿಸಿ, ಕಳಿಸಿಬಿಟ್ಟಳು. ಓದಿ ಮುಗಿಸಿದಾಗ ರೆಕಾರ್ಡಿಂಗ್ ನಿಲ್ಲಿಸಿರಲಿಲ್ಲ ಎಂಬುದು ಅವಳಿಗೆ ಹೊಳೆಯಲೇ ಇಲ್ಲ.

ಮರುದಿನ ಅವನ ಫೋನ್.

"ಮೇಡಂ... ಕೊನೆ ಅಧ್ಯಾಯದಲ್ಲಿ ಒಂದು ಶಬ್ದ ಸೇರಿಕೊಂಡಿದೆ. ಬಂದು ಕೇಳ್ತೀರಾ? ಲ್ಯಾಪ್‌ಟಾಪ್ ತಗೊಂಡು ಬನ್ನಿ."

* * *

ಅದೇ ಗಾಜಿನ ಕೋಣೆ. ಅವನು ಅದೇ ಹೆಡ್‌ಫೋನ್ ಕೊಟ್ಟ.

ಕಾದಂಬರಿಯ ಕೊನೆಯ ವಾಕ್ಯ. ಒಂದು ಮೌನ. ಆಮೇಲೆ...

'ಜಗಳ ಆಡೋಕೆ ನಾನು ಅವರಿಗೆ ಯಾರು?'

ಅವಳು ಹೆಡ್‌ಫೋನ್ ಕಿತ್ತಿಟ್ಟು ಬಾಗಿಲ ಕಡೆ ತಿರುಗಿದಳು.

"ಕತ್ತರಿಸಲಾ?" ಎಂದ ಅವನು ಹಿಂದಿನಿಂದ.

ಅವಳು ನಿಂತಳು.

"ಎಲ್ಲಾ ಶಬ್ದನೂ ಕತ್ತರಿಸೋದು ನನ್ನ ಕೆಲಸ. ಇದಕ್ಕೆ ಮಾತ್ರ ಕೈ ಬರ್ತಿಲ್ಲ. ನೀವೇ ಹೇಳಿ... ಕತ್ತರಿಸಲಾ, ಉಳಿಸಲಾ?"

"ನಿಮಗೆ ಬೇಕಾಗಿದ್ರೆ ಇಷ್ಟು ದಿನ ಒಂದು ಮಾತಾದ್ರೂ ಬರೀತಿದ್ರಿ!" ಅವಳು ಥಟ್ಟನೆ ಅವನತ್ತ ತಿರುಗಿದಳು.

"ಬರೆದಿದ್ದೆ. ಉತ್ತರ ಬರದಿದ್ರೆ ಇಷ್ಟ ಇಲ್ಲ ಅಂತ ತಿಳ್ಕೋತೀನಿ ಅಂತ ನಾನೇ ಹೇಳಿದ್ದೆ, ದಡ್ಡ ನಾನು! 'ಎಲ್ಲಾ ಬಂದ್ ಮಾಡ್ದೆ' ಅಂದ್ರಲ್ಲ, ಆಗಲೇ ಗೊತ್ತಾಗಿದ್ದು... ಆ ಎಲ್ಲದರಲ್ಲಿ ನಾನೂ ಇದ್ದೆ."

ಅವಳು ಕುರ್ಚಿಗೆ ಕುಸಿದಳು. ಲ್ಯಾಪ್‌ಟಾಪ್ ತೆರೆದಳು. ಇಷ್ಟು ದಿನ ಹಟ ಹಿಡಿದು ನೋಡದ ಆ ಪುಟವನ್ನು ತೆರೆದಳು.

ಅಲ್ಲೇ ಇತ್ತು. ಸದ್ದಿಲ್ಲದೆ ಕಾಯುತ್ತಾ ಕೂತಿತ್ತು.

ಓದಿದಳು. ಮತ್ತೆ ಓದಿದಳು. ಕಂಡ ಕಂಡ ಜಾಹೀರಾತುಗಳೆಲ್ಲ ಕೇಳದೆಯೇ 'ನೀನು' ಎನ್ನುವ ಪರದೆಯಲ್ಲಿ, ಒಬ್ಬ ಮನುಷ್ಯ ಆ ಒಂದು ಪದಕ್ಕಾಗಿ ಒಂದಿಡೀ ಪುಸ್ತಕ ಮುಗಿಯುವವರೆಗೆ ಕಾಯಲು ತಯಾರಿದ್ದ!

ಸೆಟ್ಟಿಂಗ್ಸ್ ಎಲ್ಲಿದೆ ಎಂದು ಅವಳಿಗೆ ಈಗ ಯಾರೂ ಹೇಳಿಕೊಡಬೇಕಿರಲಿಲ್ಲ. ಆ ಒಂದು ಹೆಸರಿನ ಪಕ್ಕದ ಮೂರು ಚುಕ್ಕಿ. ಬೆರಳು ಅದರ ಮೇಲೆ ನಿಂತಿತು.

ಅನುಮತಿಸಿ.

ಒತ್ತಿದಳು.

ಅವನು ತನ್ನ ಮೇಜಿನಿಂದ ಏನೋ ಬರೆದ.

ಟಿಂಗ್!

'ನೀವು ರೋಬೋಟ್ ಅಲ್ಲ ತಾನೆ?'

ಅವಳು ಅಳುತ್ತಲೇ ನಕ್ಕಳು. "ನಮ್ಮತ್ತೆ ಆಣೆಗೂ ಅಲ್ಲ."

"ಹಾಗಾದ್ರೆ... ಪುಸ್ತಕ ಮುಗೀತಲ್ಲ?"

"ಮುಗೀತು."

"ಕರೀಲಾ?"

ಅವಳು ಕಣ್ಣೊರೆಸಿಕೊಂಡಳು. ಗಂಟಲು ಸರಿಮಾಡಿಕೊಂಡಳು. ಎದುರಿಗಿದ್ದ ಮೈಕನ್ನು ತನ್ನ ಕಡೆ ಎಳೆದುಕೊಂಡು, ಯಾರೂ ತಲೆಯೆತ್ತಿ ಕೇಳದಿದ್ದ ಆ ಹಳೆಯ ಧ್ವನಿಯಲ್ಲಿ ಹೇಳಿದಳು:

"ಗ್ರಾಹಕರ ಗಮನಕ್ಕೆ. ಬಾಗಿಲು ಮುಚ್ಚುವ ಸಮಯವಾಗಿದೆ. ದಯವಿಟ್ಟು ಎಲ್ಲರೂ ಹೊರಡಬೇಕು..."

ಅವನ ಮುಖದಲ್ಲಿ ಗಾಬರಿ. "ಎಲ್ಲರೂನಾ?"

"ಪೂರ್ತಿ ಕೇಳು," ಎಂದಳು ಅವಳು. "ನೀನೊಬ್ಬ ಇರು."